ನೋವು ನಿಂತ ಮೇಲೂ ರೂಟ್ ಕೆನಾಲ್ ಬೇಕಾ?

ಪ್ರಶ್ನೆ: ನಮ್ಮ ಯಜಮಾನರು ಶಾರ್ಜಾದಲ್ಲಿ ಕೆಲಸದಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬಂದ ವಾರದಲ್ಲೇ ಕೆಳಗಿನ ಬಲದ ದವಡೆ ಹಲ್ಲು ನೋಯಲು ಶುರುವಾಯಿತು. ಎರಡು ರಾತ್ರಿ ನಿದ್ದೆಯೇ ಇಲ್ಲ. ಮೆಡಿಕಲ್‌ನಿಂದ ತಂದ ಮಾತ್ರೆ ಐದು ದಿನ ತಿಂದರು, ಈಗ ನೋವು ಪೂರ್ತಿ ಹೋಗಿದೆ. ಆದರೂ ತೋರಿಸಿದೆವು. ಡಾಕ್ಟರು ಎಕ್ಸ್‌ರೇ ನೋಡಿ ರೂಟ್ ಕೆನಾಲ್ ಮಾಡಬೇಕು, ಎರಡು ಮೂರು ಸಲ ಬರಬೇಕು, ಆಮೇಲೆ ಕ್ಯಾಪ್ ಹಾಕಬೇಕು ಅಂದರು. ರೂಟ್ ಕೆನಾಲಿಗೆ 4,500 ರೂಪಾಯಿ, ಕ್ಯಾಪಿಗೆ ಬೇರೆ. ಅತ್ತೆಯವರು ಸುಮ್ನೆ ಕೀಳಿಸಿಬಿಡಿ ಅನ್ನುತ್ತಾರೆ. ಇವರಿಗೆ ಇಂಜೆಕ್ಷನ್ ಅಂದರೆ ಹೆದರಿಕೆ. ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಊರಿಗೆ ಬಂದರೆ ಅಡಿಕೆ ಜಗಿಯುವುದೂ ಜಾಸ್ತಿ. ಹಿಂದೆ ಹೋಗಲು ಇನ್ನು ಮೂರು ವಾರ ಇದೆ. ನೋವೇ ಇಲ್ಲದ ಮೇಲೆ ಈಗಲೇ ಮಾಡಿಸಬೇಕಾ? ಮಾಡಿಸಿದರೆ ಏನೆಲ್ಲ ಆಗುತ್ತದೆ?
– ಓದುಗರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ:

ಮಾಡಿಸಿ. ಈ ವಾರವೇ ಶುರು ಮಾಡಿಸಿ. ಮೂರು ವಾರ ಧಾರಾಳ ಸಾಕು. ಆದರೆ ಮದುವೆ, ಗೃಹಪ್ರವೇಶ, ನೆಂಟರ ಮನೆ ಅಂತ ಮೊದಲ ವಾರ ಹಾಗೇ ಕಳೆದುಹೋದರೆ ಸಾಲದು. ರಜೆಯಲ್ಲಿ ಬರುವವರ ಹಲ್ಲಿನ ಕೆಲಸ ಯಾವಾಗಲೂ ಕೊನೆಯ ನಾಲ್ಕು ದಿನಕ್ಕೆ ಬಂದು ನಿಲ್ಲುತ್ತದೆ. ಆಗ ಡಾಕ್ಟರಿಗೂ ಕಷ್ಟ, ಹಲ್ಲಿಗೂ ಕಷ್ಟ.

ಎರಡು ರಾತ್ರಿ ನೋವು ಬಂದದ್ದಕ್ಕಿಂತ, ಅದು ಪೂರ್ತಿ ಹೋಯಿತು ಅಂತ ನೀವು ಬರೆದದ್ದೇ ನನಗೆ ಜಾಸ್ತಿ ಯೋಚನೆಗೆ ಹಚ್ಚಿತು. ಯಾಕೆ ಅಂತ ಹೇಳುತ್ತೇನೆ.

ಹಲ್ಲಿನ ಒಳಗೆ ಒಂದು ಪುಟ್ಟ ಕೋಣೆ ಇದೆ. ಅದರಲ್ಲಿ ನರ, ರಕ್ತನಾಳ, ಮೆತ್ತಗಿನ ಮಾಂಸ ಇರುತ್ತದೆ. ನಾವು ಅದನ್ನು ಪಲ್ಪ್ ಅನ್ನುತ್ತೇವೆ. ಕೆಟ್ಟ ಪಲ್ಪನ್ನು ತೆಗೆದು, ಒಳಗೆ ತೊಳೆದು ತುಂಬಿಸುವುದೇ ರೂಟ್ ಕೆನಾಲ್. ಹುಳುಕು ಅಲ್ಲಿಯವರೆಗೆ ಇಳಿದರೆ ಪಲ್ಪ್ ಊದಿಕೊಳ್ಳುತ್ತದೆ. ಆದರೆ ಊದಲು ಜಾಗ ಎಲ್ಲಿದೆ? ಸುತ್ತ ಗಟ್ಟಿ ಗೋಡೆ. ಒಳಗಿನ ಒತ್ತಡ ಏರುತ್ತದೆ, ನರ ಕಿರುಚುತ್ತದೆ. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಇನ್ನೂ ಹೆಚ್ಚು. ಹಗಲಿಡೀ ಸುಮ್ಮನಿದ್ದ ಹಲ್ಲು ರಾತ್ರಿ ದಿಂಬಿಗೆ ತಲೆ ಇಟ್ಟ ಕೂಡಲೇ ಶುರುಮಾಡುವುದು ಇದಕ್ಕೇ.

ಇದಕ್ಕೆ ಒಂದು ಕ್ರಮ ಇದೆ. ಮೊದಲು ತಣ್ಣಗಿನದ್ದು ಕುಡಿದರೆ ಜುಮ್ ಅನ್ನುತ್ತದೆ, ಕೂಡಲೇ ಹೋಗುತ್ತದೆ. ಈ ಹಂತದಲ್ಲಿ ಬಂದರೆ ಎಷ್ಟೋ ಸಲ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯುತ್ತದೆ. ಆಮೇಲೆ ಆ ಜುಮ್ ಅರ್ಧ ನಿಮಿಷ, ಒಂದು ನಿಮಿಷ ಉಳಿಯುತ್ತದೆ. ಆಮೇಲೆ ಬಿಸಿ ಚಹಾ ತಾಗಿದರೆ ನೋವು. ಇನ್ನೂ ಮುಂದೆ ಹೋದರೆ ತಣ್ಣೀರು ಬಾಯಲ್ಲಿಟ್ಟರೆ ಮಾತ್ರ ಹಿತ. ಕೈಯಲ್ಲಿ ಫ್ರಿಜ್ಜಿನ ನೀರಿನ ಬಾಟಲಿ ಹಿಡಿದುಕೊಂಡು, ಎರಡು ನಿಮಿಷಕ್ಕೊಮ್ಮೆ ಒಂದೊಂದು ಗುಟುಕು ಬಾಯಲ್ಲಿ ನಿಲ್ಲಿಸಿಕೊಳ್ಳುತ್ತಾ ಕ್ಲಿನಿಕ್ಕಿಗೆ ಬರುವವರಿದ್ದಾರೆ. ಅವರಿಗೆ ಏನಾಗಿದೆ ಅಂತ ಬಾಯಿ ತೆರೆಸುವ ಮೊದಲೇ ಹೇಳಬಹುದು. ಇದಾದ ಮೇಲೆ ಒಂದು ದಿನ ಎಲ್ಲ ನಿಂತುಹೋಗುತ್ತದೆ. ಒಳಗಿನ ನರ ಸತ್ತಿದೆ, ದೂರು ಹೇಳಲು ಅಲ್ಲಿ ಯಾರೂ ಇಲ್ಲ.

ಆದರೆ ಒಳಗಿನ ಕೊಳೆ, ಬ್ಯಾಕ್ಟೀರಿಯಾ ಅಲ್ಲೇ ಇದೆ. ಅದು ನಿಧಾನಕ್ಕೆ ಬೇರಿನ ತುದಿಯಿಂದ ಹೊರಗೆ ಬಂದು ಮೂಳೆ ಕರಗಿಸುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಜಗಿಯುವಾಗ ಹಲ್ಲು ಸ್ವಲ್ಪ ಮೇಲೆ ಬಂದ ಹಾಗೆ ಅನಿಸುತ್ತದೆ, ಅಥವಾ ವಸಡಿನಲ್ಲಿ ಚಿಕ್ಕ ಗುಳ್ಳೆ ಎದ್ದು ಕೀವು ಸೋರುತ್ತದೆ, ಇಲ್ಲವೇ ಬೆಳಗ್ಗೆ ಏಳುವಾಗ ಅರ್ಧ ಮುಖ ಊದಿರುತ್ತದೆ. ಅದು ಶಾರ್ಜಾದಲ್ಲಿ ಆದರೆ ಅಲ್ಲಿನ ಖರ್ಚು ನಿಮಗೇ ಗೊತ್ತು.

ನಿಮ್ಮ ಯಜಮಾನರ ಹಲ್ಲು ಈಗ ಯಾವ ಹಂತದಲ್ಲಿದೆ ಅಂತ ಬರೀ ಪ್ರಶ್ನೆ ಓದಿ ನಾನು ಹೇಳಲಾರೆ. ಡಾಕ್ಟರು ಹಲ್ಲಿಗೆ ತಣ್ಣಗಿನದ್ದು ತಾಗಿಸಿ ನೋಡುತ್ತಾರೆ, ಮೆಲ್ಲಗೆ ತಟ್ಟಿ ನೋಡುತ್ತಾರೆ, ಪಕ್ಕದ ಹಲ್ಲಿನ ಜೊತೆ ಹೋಲಿಸುತ್ತಾರೆ. ಎಕ್ಸ್‌ರೇ ಒಂದನ್ನೇ ನಂಬುವಂತಿಲ್ಲ. ಮೂಳೆ ಸಾಕಷ್ಟು ಕರಗುವವರೆಗೆ ಬೇರಿನ ತುದಿಯಲ್ಲಿ ಕಪ್ಪು ಕಾಣುವುದೇ ಇಲ್ಲ.

ಮಾತ್ರೆಯ ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಮೆಡಿಕಲ್‌ನಿಂದ ತಂದದ್ದರಲ್ಲಿ ನೋವಿನ ಮಾತ್ರೆಯ ಜೊತೆ ಒಂದು ಆಂಟಿಬಯೋಟಿಕ್ಕೂ ಇದ್ದಿರಬೇಕು. ಆಂಟಿಬಯೋಟಿಕ್ ರಕ್ತದ ಮೂಲಕ ಹೋಗಬೇಕು. ಸತ್ತ ಪಲ್ಪಿಗೆ ರಕ್ತವೇ ಹೋಗುವುದಿಲ್ಲ. ಹಾಗಾದರೆ ಅದು ಒಳಗೆ ತಲುಪುವುದು ಹೇಗೆ? ನರ ಊದಿ ಬರುವ ನೋವಿಗೂ ಅದರಿಂದ ಪ್ರಯೋಜನ ಇಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ, ಹಲ್ಲಿಗೆ ಚಿಕಿತ್ಸೆ ಕೊಡಲು ಸಾಧ್ಯ ಇರುವಾಗ ಇಂಥ ಹೆಚ್ಚಿನ ಹಲ್ಲುನೋವುಗಳಿಗೆ ಆಂಟಿಬಯೋಟಿಕ್ ಬೇಡ ಅಂತಲೇ ಇದೆ. ಮುಖ ಊದಿದೆ, ಜ್ವರ ಇದೆ, ಸೋಂಕು ಹರಡುತ್ತಿದೆ ಅಂದರೆ ಬೇಕು. ಆಗಲೂ ಹಲ್ಲಿನ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ. ಈಗ ಕೇರಳದಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದರ ಮೇಲೆ ಬಿಗಿ ಮಾಡಿದ್ದಾರೆ. ಕೊಡಲಿಲ್ಲ ಅಂತ ಅಂಗಡಿಯವರ ಮೇಲೆ ಸಿಟ್ಟು ಮಾಡುವವರಿದ್ದಾರೆ. ಕೊಡದೆ ಇರುವುದೇ ಸರಿ.

ಇನ್ನು ಚಿಕಿತ್ಸೆಯ ದಿನ. ಹಸಿದು ಹೋಗಬೇಡಿ. ಶುಗರ್ ಇರುವವರಿಗೆ ಬೆಳಗ್ಗಿನ ಹೊತ್ತು ಒಳ್ಳೆಯದು. ದಿನಾ ಮಾಡುವಂತೆ ತಿಂಡಿ ತಿಂದು, ಶುಗರ್ ಮಾತ್ರೆ ತೆಗೆದುಕೊಂಡೇ ಹೋಗಲಿ. ಇಂಜೆಕ್ಷನ್ ಇದೆ ಅಂತ ಊಟ ಬಿಟ್ಟು ಮಾತ್ರೆ ಮಾತ್ರ ತಿಂದು ಬಂದು, ಕುರ್ಚಿಯಲ್ಲಿ ಬೆವರಿ ತಲೆ ತಿರುಗಿಸಿಕೊಳ್ಳುವವರು ಎಲ್ಲ ಕ್ಲಿನಿಕ್ಕಿನಲ್ಲೂ ಸಿಗುತ್ತಾರೆ. ಪಾಪ ಇಂಜೆಕ್ಷನ್ನಿಗೆ ಹೆಸರು ಬರುತ್ತದೆ. ಈ ರಜೆಯಲ್ಲಿ ಶುಗರ್ ಪರೀಕ್ಷೆ ಮಾಡಿಸಿಲ್ಲ ಅಂದರೆ ಒಮ್ಮೆ ಮಾಡಿಸಿ, ರಿಪೋರ್ಟ್ ತೋರಿಸಿ. ಹಿಡಿತದಲ್ಲಿದ್ದರೆ ರೂಟ್ ಕೆನಾಲಿಗೆ ಏನೂ ಅಡ್ಡಿ ಇಲ್ಲ. ಜಾಸ್ತಿ ಏರಿದ್ದರೆ ವಾಸಿಯಾಗುವುದು ನಿಧಾನ. ಹಾಗೆಯೇ ಬಿಪಿ, ಹೃದಯದ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ, ಔಷಧಿಯ ಅಲರ್ಜಿ ಯಾವುದಿದ್ದರೂ ಮೊದಲೇ ಹೇಳಬೇಕು. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ರೂಟ್ ಕೆನಾಲಿಗೆ ನಿಲ್ಲಿಸಬೇಕಾಗಿಯೂ ಇಲ್ಲ.

ಇಂಜೆಕ್ಷನ್ ಹೆದರಿಕೆ ಅಂದಿರಿ. ಸುಳ್ಳು ಯಾಕೆ ಹೇಳಲಿ, ಚುಚ್ಚುವುದು ಗೊತ್ತಾಗುತ್ತದೆ. ಮೊದಲು ವಸಡಿಗೆ ಒಂದು ಜೆಲ್ ಹಚ್ಚಿ ಎರಡು ನಿಮಿಷ ಬಿಟ್ಟರೆ, ಔಷಧಿಯನ್ನು ನಿಧಾನಕ್ಕೆ ಬಿಟ್ಟರೆ, ಜೋರು ಇರುವೆ ಕಚ್ಚಿದಷ್ಟು. ಕೆಳಗಿನ ದವಡೆಯಲ್ಲಿ ಬಾಯಿಯ ಹಿಂಭಾಗಕ್ಕೆ ಕೊಡುತ್ತಾರೆ. ಐದು ಹತ್ತು ನಿಮಿಷದಲ್ಲಿ ಆ ಬದಿಯ ತುಟಿ ದಪ್ಪ ಆದ ಹಾಗೆ ಅನಿಸಬೇಕು. ತುಟಿ ಮರಗಟ್ಟಲಿಲ್ಲ ಅಂದರೆ ಕೂಡಲೇ ಹೇಳಲಿ, ಸಂಕೋಚ ಬೇಡ.

ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಜೋರು ನೋವಿರುವ ಹೊತ್ತಿನಲ್ಲಿ ಕೆಳಗಿನ ದವಡೆ ಹಲ್ಲನ್ನು ಪೂರ್ತಿ ಮರಗಟ್ಟಿಸುವುದು ನಮಗೂ ಕಷ್ಟವೇ. ತುಟಿ ಮರಗಟ್ಟಿರುತ್ತದೆ, ಹಲ್ಲು ಮಾತ್ರ ಕೇಳುವುದಿಲ್ಲ. ಆಗ ಬೇರೆ ಜಾಗದಲ್ಲಿ ಇನ್ನೊಂದು ಇಂಜೆಕ್ಷನ್, ಕೆಲವೊಮ್ಮೆ ಹಲ್ಲಿನ ಪಕ್ಕದಲ್ಲೇ ಒಂದು, ತೀರಾ ಬೇಕಾದರೆ ನೇರ ಪಲ್ಪಿನ ಒಳಗೇ. ಆ ಕೊನೆಯದ್ದು ಒಂದು ಕ್ಷಣ ನೋಯುತ್ತದೆ, ಆಮೇಲೆ ಶಾಂತ. ‘ರೂಟ್ ಕೆನಾಲ್ ಅಂದರೆ ಜೀವ ಹೋಗುತ್ತದೆ’ ಅನ್ನುವ ಕಥೆಗಳು ಹುಟ್ಟಿದ್ದು ಹೆಚ್ಚಾಗಿ ಹೀಗೆ ತಡೆಯಲಾರದ ನೋವಿನಲ್ಲಿ ಬಂದವರಿಂದ. ನಿಮ್ಮವರಿಗೆ ಈಗ ನೋವು ಇಲ್ಲ. ಹೀಗಿರುವಾಗಲೇ ಹೋಗುವುದು ಅವರ ಪಾಲಿಗೆ ಲಾಭ. ನೋವಾದರೆ ಎಡಗೈ ಎತ್ತುತ್ತೇನೆ, ಆಗ ನಿಲ್ಲಿಸಿ ಅಂತ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಂಡರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಮರಗಟ್ಟಿದ ಮೇಲೆ ಹಲ್ಲಿನ ಸುತ್ತ ಒಂದು ತೆಳ್ಳಗಿನ ರಬ್ಬರ್ ಹಾಳೆ ಕಟ್ಟಬೇಕು. ಹಾಳೆಗೆ ಒಂದು ತೂತು, ಆ ತೂತಿನಿಂದ ಆ ಹಲ್ಲು ಮಾತ್ರ ಹೊರಗೆ. ರಬ್ಬರ್ ಡ್ಯಾಮ್ ಅಂತ ಹೆಸರು. 1864ರಿಂದ ಬಳಕೆಯಲ್ಲಿದೆ, ಹೊಸ ಫ್ಯಾಷನ್ ಏನಲ್ಲ. ಎಂಜಲು ಹಲ್ಲಿನೊಳಗೆ ಹೋಗುವುದಿಲ್ಲ, ಒಳಗೆ ಬಳಸುವ ಔಷಧಿ ಗಂಟಲಿಗೆ ಇಳಿಯುವುದಿಲ್ಲ, ಸೂಜಿಯಂಥ ಸಣ್ಣ ಉಪಕರಣ ಕೈ ಜಾರಿದರೂ ಹೊಟ್ಟೆಗೆ ಹೋಗುವುದಿಲ್ಲ. ನನ್ನನ್ನು ಕೇಳಿದರೆ, ಒಬ್ಬ ಡಾಕ್ಟರು ರೂಟ್ ಕೆನಾಲನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಅಂತ ರೋಗಿಗೆ ಹೊರಗಿನಿಂದಲೇ ತಿಳಿಯುವ ಒಂದೇ ಗುರುತು ಈ ಹಾಳೆ. ‘ರಬ್ಬರ್ ಡ್ಯಾಮ್ ಹಾಕುತ್ತೀರಾ?’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಬೋವಿಕ್ಕಾನ, ಮುಳ್ಳೇರಿಯ ಕಡೆ ರಬ್ಬರ್ ತೋಟದಲ್ಲಿ ದುಡಿಯುವವರು ಓದುತ್ತಿದ್ದರೆ ಒಂದು ಮಾತು: ರಬ್ಬರ್ ಹಾಲು ತಾಗಿದರೆ ಮೈ ತುರಿಸುತ್ತದೆ ಅಂತಿದ್ದರೆ ಡಾಕ್ಟರಿಗೆ ಹೇಳಿ. ಲ್ಯಾಟೆಕ್ಸ್ ಇಲ್ಲದ ಹಾಳೆಯೂ, ಗ್ಲೌಸೂ ಸಿಗುತ್ತದೆ.

ಆಮೇಲೆ ಹಲ್ಲಿನ ಮೇಲ್ಭಾಗದಲ್ಲಿ ತೂತು ಮಾಡಿ ಕೋಣೆ ತೆರೆಯುತ್ತಾರೆ. ಮೆಷಿನಿನ ಸದ್ದು, ನಡುಕ, ನೀರು, ಇಷ್ಟು ಗೊತ್ತಾಗುತ್ತದೆ. ಸತ್ತ ಹಲ್ಲಾದರೆ ತೆರೆದ ಕೂಡಲೇ ಒಂದು ವಾಸನೆ ಬರಬಹುದು. ಅದರ ನಂತರದ ಕೆಲಸಕ್ಕೆ ಸದ್ದು ಕಡಿಮೆ, ಹೊತ್ತು ಜಾಸ್ತಿ. ಆ ಕೋಣೆಯಿಂದ ಬೇರಿನ ತುದಿಯವರೆಗೆ ಇಳಿಯುವ ಸಪೂರ ಕಾಲುವೆಗೆ ಕೆನಾಲ್ ಅನ್ನುತ್ತೇವೆ. ಕೂದಲಿಗಿಂತ ಸ್ವಲ್ಪ ದಪ್ಪದ ಫೈಲ್ ಅನ್ನುವ ಸಣ್ಣ ಅರವನ್ನು ಅದರೊಳಗೆ ಇಳಿಸುತ್ತಾರೆ. ಅದಕ್ಕೆ ಒಂದು ವಯರು ಸಿಕ್ಕಿಸಿರುತ್ತದೆ, ತುಟಿಯ ಮೂಲೆಗೆ ಇನ್ನೊಂದು ಕೊಕ್ಕೆ. ಫೈಲ್ ಬೇರಿನ ತುದಿಗೆ ಹತ್ತಿರವಾದಂತೆ ಪಕ್ಕದ ಮೆಷಿನ್ ಬೀಪ್ ಬೀಪ್ ಅನ್ನುತ್ತದೆ. ಫೈಲಿಗೆ ಪೋಣಿಸಿದ ಸಾಸಿವೆ ಗಾತ್ರದ ರಬ್ಬರ್ ಬಿಲ್ಲೆಯನ್ನು ಹಲ್ಲಿನ ಅಂಚಿಗೆ ಸರಿಸಿ, ಹೊರಗೆ ತೆಗೆದು, ಸ್ಟೀಲ್ ಅಳತೆಪಟ್ಟಿಯ ಮೇಲೆ ಇಟ್ಟು ನೋಡುತ್ತಾರೆ. 20 ಮಿಲಿಮೀಟರ್, ಇನ್ನೊಂದು ಕೆನಾಲು 19.5, ಹೀಗೆ. ಅರ್ಧ ಮಿಲಿಮೀಟರಿಗೂ ಬೆಲೆ ಇದೆ. ಕಡಿಮೆ ಹೋದರೆ ತುದಿಯಲ್ಲಿ ಕೊಳೆ ಉಳಿಯುತ್ತದೆ, ಜಾಸ್ತಿ ಹೋದರೆ ಆಚೆಗಿನ ಮೂಳೆಗೆ ನೋವು.

ಕೆಳಗಿನ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಕೆನಾಲು, ಕೆಲವರಿಗೆ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯದು ಇರುವುದೇ ಹೆಚ್ಚು, ಅದನ್ನು ಹುಡುಕುವುದೇ ದೊಡ್ಡ ಕೆಲಸ. ಎಲ್ಲ ಕೆನಾಲೂ ನೇರ ಪೈಪಿನ ಹಾಗೆ ಇರುವುದಿಲ್ಲ. ನಿಮ್ಮ ಪೆರ್ಲ, ಬಾಯಾರು ಕಡೆ ಮುರಕಲ್ಲಿನ ಗುಡ್ಡದಲ್ಲಿ ನೀರಿಗೆ ಕೊರೆದ ಸುರಂಗ ನೋಡಿರುತ್ತೀರಿ. ಮುಖ್ಯ ಸುರಂಗ ಒಂದು, ಒಳಗೆ ಹೋದಂತೆ ಬಾಗು, ಪಕ್ಕಕ್ಕೆ ಕವಲು, ಬಾಯಲ್ಲಿ ನಿಂತು ಟಾರ್ಚ್ ಹಾಕಿದರೆ ಕೊನೆ ಕಾಣುವುದಿಲ್ಲ. ಹಲ್ಲಿನ ಒಳಗೂ ಹಾಗೇ. ಫೈಲು ಮುಖ್ಯ ದಾರಿಯನ್ನು ಮಾತ್ರ ಕೆರೆಯುತ್ತದೆ. ಕವಲುಗಳಿಗೆ ಔಷಧಿಯ ನೀರೇ ಹೋಗಬೇಕು. ಅದಕ್ಕೆ ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತೇವೆ. ಬಟ್ಟೆ ಬಿಳಿ ಮಾಡುವ ಬ್ಲೀಚಿನ ವಾಸನೆಯೇ ಬರುತ್ತದೆ, ಹೆದರಬೇಡಿ. ಇದು ಸತ್ತ ಮಾಂಸವನ್ನು ಕರಗಿಸುತ್ತದೆ, ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಡಾಕ್ಟರು ಮತ್ತೆ ಮತ್ತೆ ಸಿರಿಂಜಿನಲ್ಲಿ ಅದೇ ನೀರು ಹಾಕುತ್ತಾ ಕೂತರೆ ಹೊತ್ತು ಹಾಳು ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಿಜವಾದ ಚಿಕಿತ್ಸೆ ನಡೆಯುತ್ತಿರುವುದೇ ಆಗ.

ಒಂದು ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಬಾಯಿ ತೆರೆದಿರಬೇಕು. ಇಲ್ಲಿಗೆ ಅಡಿಕೆಯ ವಿಷಯ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೂತು ಅಡಿಕೆಯ ಬಗ್ಗೆ ಮಾತಾಡುವುದು ಸುಲಭ ಅಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ, ನನ್ನ ಹತ್ತಿರ ಬರುವವರಲ್ಲಿ ಅನೇಕರು ಕೃಷಿಕರೇ. ಬೆಳೆಯುವುದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಜಗಿಯುವುದರಿಂದ ಬಾಯಿಯೊಳಗೆ ಏನಾಗುತ್ತದೆ ಅಂತ ದಿನಾ ನೋಡುವುದರಿಂದ ಅಷ್ಟನ್ನು ಹೇಳಲೇಬೇಕು.

ಒಂದು, ಅಡಿಕೆ ಗಟ್ಟಿ. ವರ್ಷಗಟ್ಟಲೆ ಜಗಿದವರ ದವಡೆ ಹಲ್ಲು ಸವೆದು ಚಪ್ಪಟೆ ಆಗಿರುತ್ತದೆ, ಅದರಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಹುಳುಕೇ ಇಲ್ಲದ ಹಲ್ಲಿಗೂ ಈ ಬಿರುಕಿನ ದಾರಿಯಲ್ಲಿ ಬ್ಯಾಕ್ಟೀರಿಯಾ ಇಳಿದು ರೂಟ್ ಕೆನಾಲ್ ಬೇಕಾಗುವುದುಂಟು. ಕಚ್ಚುವಾಗ ಏನೂ ಇಲ್ಲ, ಕಚ್ಚಿ ಬಿಡುವಾಗ ಚುರುಕ್ ಅಂತ ನೋವು ಬಂದರೆ ಬಿರುಕಿನ ಸಂಶಯ ಮಾಡಬೇಕು. ನಿಮ್ಮವರಿಗೆ ಹಾಗಾಗುತ್ತಿತ್ತಾ ಅಂತ ಕೇಳಿ ನೋಡಿ. ಅಲ್ಲಿ ವರ್ಷವಿಡೀ ಜಗಿಯದೆ, ಊರಿಗೆ ಬಂದ ಕೂಡಲೇ ಒಣ ಅಡಿಕೆ ಹೋಳು ಕಡಿದರೆ ಮೊದಲೇ ಬಿರುಕಿದ್ದ ಹಲ್ಲು ಸುಮ್ಮನಿರುತ್ತದಾ? ಬಿರುಕು ಎಷ್ಟು ಆಳಕ್ಕೆ ಹೋಗಿದೆ ಅನ್ನುವುದರ ಮೇಲೆ ಹಲ್ಲಿನ ಆಯುಷ್ಯ ನಿಂತಿದೆ. ಒಳಗಿನ ಕೋಣೆಯ ನೆಲವನ್ನೇ ಸೀಳಿಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿ ರೂಟ್ ಕೆನಾಲ್ ಮಾಡಿದರೂ ಉಳಿಯುವುದು ಕಷ್ಟ. ಇದು ಹಲ್ಲು ತೆರೆದ ಮೇಲೆ ಗೊತ್ತಾಗುವ ಸಂಗತಿ. ಅರ್ಧದಲ್ಲಿ ಡಾಕ್ಟರು ‘ಇದು ಆಗುವ ಹಾಗಿಲ್ಲ’ ಅಂದರೆ ಮೋಸ ಮಾಡಿದರು ಅಂತ ಎಣಿಸಬೇಡಿ.

ಎರಡನೆಯದು ಇನ್ನೂ ದೊಡ್ಡದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿಯ ಒಳಚರ್ಮವನ್ನು ಬಿಗಿ ಮಾಡುತ್ತದೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ದಾರ ಕಟ್ಟಿದ ಹಾಗೆ ಪಟ್ಟಿಗಳು ಸಿಗುತ್ತವೆ. ಖಾರ ತಾಗಿದರೆ ಉರಿ. ಬಾಯಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ಚಿಕ್ಕದಾಗುತ್ತದೆ. ಸಾಮಾನ್ಯವಾಗಿ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹೋಗಬೇಕು. ಈಗಲೇ ಯಜಮಾನರಿಗೆ ಹೇಳಿ ನೋಡಿ. ಒಮ್ಮೆ ಅಡೂರು ಕಡೆಯ ಒಬ್ಬರು ಹಿರಿಯರು ಬಂದಿದ್ದರು. ಕೊನೆಯ ದವಡೆ ಹಲ್ಲು, ರೂಟ್ ಕೆನಾಲ್ ಮಾಡಿದರೆ ಉಳಿಯುವ ಹಲ್ಲೇ. ಆದರೆ ಬಾಯಿಗೆ ಒಂದೂವರೆ ಬೆರಳು ಮಾತ್ರ ಹೋಗುತ್ತಿತ್ತು. ಮೆಷಿನಿನ ತಲೆ ಒಳಗೆ ಹೋದರೆ ಫೈಲ್ ನಿಲ್ಲಿಸಲು ಜಾಗ ಇಲ್ಲ, ಫೈಲ್ ಹೋದರೆ ನನ್ನ ಬೆರಳಿಗೆ ಜಾಗ ಇಲ್ಲ. ಮೊದಲು ಬಾಯಿಯ ಚಿಕಿತ್ಸೆಗೆ ಕಳಿಸಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಹಲ್ಲಿನ ಜೊತೆಗೆ ಅದನ್ನೂ ತೋರಿಸಿ. ಒಟ್ಟಿನಲ್ಲಿ ಈ ಮೂರು ವಾರ ಅಡಿಕೆ ಪೂರ್ತಿ ಬಂದ್. ಆಮೇಲೆಯೂ ಬಿಟ್ಟರೆ ನನಗಂತೂ ಸಂತೋಷ.

ಎಷ್ಟು ಸಲ ಹೋಗಬೇಕು? ಒಂದೇ ಸಲಕ್ಕೆ ಮುಗಿಸುವವರೂ ಇದ್ದಾರೆ, ಎರಡು ಮೂರು ಸಲ ಕರೆಯುವವರೂ ಇದ್ದಾರೆ. ಹಲ್ಲು ಉಳಿಯುವ ಲೆಕ್ಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕೀವು ಬರುತ್ತಿದ್ದರೆ, ಕೆನಾಲು ಒಣಗದಿದ್ದರೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ತುಂಬಿ, ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಇಟ್ಟು ಒಂದು ವಾರ ಬಿಡುವುದು ಒಳ್ಳೆಯದು. ಆ ತಾತ್ಕಾಲಿಕ ಫಿಲ್ಲಿಂಗ್ ಮೆತ್ತಗಿನದ್ದು. ಮೇಲಿನಿಂದ ಸ್ವಲ್ಪ ಸವೆದರೆ ಚಿಂತೆ ಇಲ್ಲ. ಪೂರ್ತಿ ಬಿದ್ದು ಗುಳಿ ಕಂಡರೆ ಅದೇ ದಿನ ಅಥವಾ ಮರುದಿನ ಹೋಗಿ ಹಾಕಿಸಿ, ಇಲ್ಲದಿದ್ದರೆ ಎಂಜಲು ಇಳಿದು ತೊಳೆದದ್ದೆಲ್ಲ ವ್ಯರ್ಥ.

ಮನೆಗೆ ಬಂದ ಮೇಲೆ ತುಟಿಯ ಮರಗಟ್ಟುವಿಕೆ ಎರಡು ಮೂರು ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ ಇರುತ್ತದೆ. ಅದು ಬಿಡುವವರೆಗೆ ಊಟ ಬೇಡ, ತುಟಿ ಕಚ್ಚಿಕೊಂಡದ್ದು ಗೊತ್ತಾಗುವುದಿಲ್ಲ. ಬಿಸಿ ಚಹಾವೂ ಬೇಡ. ಆ ಮೇಲೆ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಏನಾದರೂ ಮೆತ್ತಗಿನದ್ದು, ಇನ್ನೊಂದು ಬದಿಯಲ್ಲಿ. ಚಕ್ಕುಲಿ, ಸಾಂತಾಣಿ, ಬಾಳೆಕಾಯಿ ಚಿಪ್ಸ್ ಕ್ಯಾಪ್ ಹಾಕುವವರೆಗೆ ಆ ಬದಿಗೆ ಹೋಗಬಾರದು.

ಎರಡು ಮೂರು ದಿನ ಕಚ್ಚಿದರೆ ನೋವು ಇರುತ್ತದೆ. ‘ನರ ತೆಗೆದ ಮೇಲೂ ನೋವು ಯಾಕೆ?’ ಅಂತ ಎಲ್ಲರೂ ಕೇಳುತ್ತಾರೆ. ನರ ಹಲ್ಲಿನೊಳಗಿನದ್ದು ಹೋಗಿದೆ. ಬೇರಿನ ಸುತ್ತಲಿನ ಮೂಳೆ, ಹಲ್ಲನ್ನು ಹಿಡಿದಿರುವ ನಾರು ಜೀವಂತವೇ ಇದೆ, ಅದಕ್ಕೆ ಕೆಲಸದ ಪೆಟ್ಟು ತಾಗಿದೆ. ಮೊದಲ ಒಂದೆರಡು ದಿನ ಜಾಸ್ತಿ, ಆಮೇಲೆ ಇಳಿಯುತ್ತದೆ. ಡಾಕ್ಟರು ಬರೆದ ನೋವಿನ ಮಾತ್ರೆ ಸಾಕು. ಐಬುಪ್ರೊಫೆನ್ ಜಾತಿಯದ್ದು ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಆಸ್ತಮಾ ಇರುವವರಿಗೆ ಆಗುವುದಿಲ್ಲ. ಅಂಥವರು ಪ್ಯಾರಾಸಿಟಮಾಲ್ ಬಗ್ಗೆ ಕೇಳಬೇಕು. ಹಲ್ಲಿನ ಮೇಲೆ ಲವಂಗದ ಎಣ್ಣೆ ಸುರಿಯುವುದು, ಕೆನ್ನೆಗೆ ಬಿಸಿ ಶಾಖ ಕೊಡುವುದು ಬೇಡ.

ಕೆಲವರಿಗೆ ಮಾತ್ರ, ಏನೂ ತಪ್ಪಾಗದೆ ಇದ್ದರೂ, ಮರುದಿನ ಜೋರು ನೋವು, ಬಾವು ಬರುವುದುಂಟು. ಬಂದರೆ ಹಿಂದೆ ಹೋಗಿ. ಆದರೆ ಈ ಕೆಳಗಿನದ್ದಕ್ಕೆ ಕ್ಲಿನಿಕ್ ತೆರೆಯುವವರೆಗೆ ಕಾಯಬಾರದು: ದವಡೆಯ ಅಡಿಯಲ್ಲಿ, ನಾಲಿಗೆಯ ಕೆಳಗೆ ಊತ ಏರುತ್ತಿದೆ, ನುಂಗಲು ಕಷ್ಟ, ಉಸಿರಿಗೆ ತೊಂದರೆ, ಬಾಯಿ ತೆರೆಯಲಾಗುತ್ತಿಲ್ಲ, ಜ್ವರ ನಡುಕ. ರಾತ್ರಿ ಎಷ್ಟೇ ಹೊತ್ತಾಗಿರಲಿ ನೇರ ದೊಡ್ಡ ಆಸ್ಪತ್ರೆಗೆ. ಶುಗರ್ ಇರುವವರಲ್ಲಿ ಇದು ಬೇಗ ಹರಡುತ್ತದೆ.

ಕೊನೆಯ ಸಲ ಕೆನಾಲುಗಳನ್ನು ಒಣಗಿಸಿ ಗಟ್ಟಾಪರ್ಚಾ ಅನ್ನುವ ಗುಲಾಬಿ ಬಣ್ಣದ ಕಡ್ಡಿ ಮತ್ತು ಅಂಟು ತುಂಬುತ್ತಾರೆ. ಅದೂ ಮರದ ಹಾಲೇ. ಮಲಯದ ಕಡೆಯ ಮರ, ನಮ್ಮ ರಬ್ಬರಿನ ದೂರದ ನೆಂಟ ಅನ್ನಬಹುದಾದ ವಸ್ತು. ಒಂದು ಕಾಲದಲ್ಲಿ ಸಮುದ್ರದಡಿಯ ತಂತಿಗಳಿಗೂ ಇದನ್ನೇ ಸುತ್ತುತ್ತಿದ್ದರು. ಈ ದಿನ ನೋವು ಕಡಿಮೆ. ತುಂಬಿದ ಮೇಲೆ ತೆಗೆದ ಎಕ್ಸ್‌ರೇಯನ್ನು ಕೇಳಿ ನೋಡಿ. ಬಿಳಿ ಗೆರೆ ಪ್ರತಿ ಬೇರಿನ ತುದಿಯವರೆಗೆ, ನಡುವೆ ತೆರಪಿಲ್ಲದೆ ಹೋಗಿರಬೇಕು.

ಫೈಲ್ ಒಳಗೆ ತುಂಡಾಗುವುದು ಕೇಳಿರಬಹುದು. ಬಾಗಿದ ಕೆನಾಲಿನಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಆಗುತ್ತದೆ. ಆದ ಕೂಡಲೇ ಹಲ್ಲು ಹೋಯಿತು ಅಂತಲ್ಲ, ಎಷ್ಟು ತೊಳೆದಾದ ಮೇಲೆ ತುಂಡಾಯಿತು ಅನ್ನುವುದು ಮುಖ್ಯ. ಆದರೆ ಡಾಕ್ಟರು ಅದನ್ನು ರೋಗಿಗೆ ಹೇಳಬೇಕು, ಚೀಟಿಯಲ್ಲಿ ಬರೆಯಬೇಕು. ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ.

ಈಗ ಕ್ಯಾಪ್. ಅರ್ಧಕ್ಕರ್ಧ ಜನ ಕೈಬಿಡುವುದು ಇಲ್ಲೇ. ನೋವು ಹೋಗಿದೆ, ಹಲ್ಲು ತುಂಬಿಸಿ ಆಗಿದೆ, ದುಡ್ಡೂ ಖರ್ಚಾಗಿದೆ, ಕ್ಯಾಪ್ ಮುಂದಿನ ವರ್ಷ ನೋಡುವ ಅಂತ ಹೋಗುತ್ತಾರೆ. ಹುಳುಕು ತೆಗೆದು, ನಡುವೆ ತೂತು ಕೊರೆದ ದವಡೆ ಹಲ್ಲಿನಲ್ಲಿ ಉಳಿದದ್ದು ಸುತ್ತಲಿನ ಗೋಡೆ ಮಾತ್ರ. ಜಗಿಯುವ ಭಾರ ಅದರ ಮೇಲೇ. ಒಂದು ದಿನ ಪಟ್ ಅಂತ ನೆಟ್ಟಗೆ ಸೀಳುತ್ತದೆ. ಆಮೇಲೆ ಕೀಳುವುದೊಂದೇ ದಾರಿ. ಅಮೆರಿಕದಲ್ಲಿ ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳನ್ನು 8 ವರ್ಷ ಹಿಂಬಾಲಿಸಿದ ಲೆಕ್ಕ 2004ರಲ್ಲಿ ಪ್ರಕಟವಾಗಿದೆ. ನೂರಕ್ಕೆ 97 ಹಲ್ಲು ಬಾಯಿಯಲ್ಲೇ ಉಳಿದಿದ್ದವು. ಕೀಳಬೇಕಾಗಿ ಬಂದ ಹಲ್ಲುಗಳನ್ನು ನೋಡಿದರೆ ಅವುಗಳಲ್ಲಿ ನೂರಕ್ಕೆ 85ಕ್ಕೆ ಪೂರ್ತಿ ಮುಚ್ಚುವ ಕ್ಯಾಪ್ ಇರಲಿಲ್ಲ. ಕ್ಯಾಪ್ ಮಾರುವುದಕ್ಕೆ ಡಾಕ್ಟರು ಹೇಳುತ್ತಾರೆ ಅಂತ ಅನಿಸಿದರೆ ಈ ಲೆಕ್ಕ ನೆನಪಿಗೆ ಬರಲಿ. ಮುಂದಿನ ಹಲ್ಲುಗಳಿಗೆ ಎಲ್ಲ ಸಲ ಕ್ಯಾಪ್ ಬೇಕಾಗಿಲ್ಲ, ದವಡೆ ಹಲ್ಲಿಗೆ ಬೇಕು. ಬಿಳಿಯದ್ದೇ ಆಗಬೇಕು ಅಂತಲೂ ಇಲ್ಲ. ಹಿಂದಿನ ಹಲ್ಲಿಗೆ ಲೋಹದ ಕ್ಯಾಪ್ ಗಟ್ಟಿ, ಅಗ್ಗ, ನಕ್ಕರೆ ಕಾಣುವುದೂ ಇಲ್ಲ. ಜಿರ್ಕೋನಿಯಾ ಅನ್ನುವ ಬಿಳಿ ಕ್ಯಾಪೂ ಒಳ್ಳೆಯದೇ, ಕೈಯಲ್ಲಿ ದುಡ್ಡಿದ್ದರೆ ಹಾಕಿಸಿ.

ದಿನ ಹೀಗೆ ಜೋಡಿಸಿ. ಈ ವಾರ ಮೊದಲ ಸಲ, ಮುಂದಿನ ವಾರ ಕೆನಾಲ್ ತುಂಬಿಸಿ ಗಟ್ಟಿ ಫಿಲ್ಲಿಂಗ್, ಎರಡು ಮೂರು ದಿನ ಬಿಟ್ಟು ಕ್ಯಾಪಿನ ಅಳತೆ. ಅಳತೆ ಲ್ಯಾಬಿಗೆ ಹೋಗಿ ಕ್ಯಾಪ್ ಆಗಿ ಬರಲು ಕೆಲವು ದಿನ ಬೇಕು. ವಿಮಾನದ ದಿನವನ್ನು ಡಾಕ್ಟರಿಗೆ ಮೊದಲ ದಿನವೇ ಹೇಳಿ. ಎಲ್ಲ ಮೀರಿ ಕ್ಯಾಪ್ ಆಗದೆ ಹೋದರೆ ಕೊನೆಗೆ ಗಟ್ಟಿ ಫಿಲ್ಲಿಂಗ್ ಮಾಡಿಸಿ, ಹಲ್ಲಿನ ಎತ್ತರ ಸ್ವಲ್ಪ ಇಳಿಸಿಕೊಂಡು ಹೋಗಲಿ, ಅಲ್ಲಿ ಹೋದ ಕೂಡಲೇ ಕ್ಯಾಪ್ ಹಾಕಿಸಲಿ. ಅರ್ಧ ಮಾಡಿದ ಹಲ್ಲು, ಮೇಲೆ ತಾತ್ಕಾಲಿಕ ಫಿಲ್ಲಿಂಗ್, ಹೀಗೆ ವಿಮಾನ ಹತ್ತುವುದು ಬೇಡ. ಮೇಲೆ ಗಾಳಿಯ ಒತ್ತಡ ಕಡಿಮೆಯಾದಾಗ ಸೋಂಕಿರುವ ಹಲ್ಲು ನೋಯುವುದುಂಟು. ಎಲ್ಲ ಎಕ್ಸ್‌ರೇಗಳ ಫೋಟೋ ಮೊಬೈಲಿನಲ್ಲಿ ಇರಲಿ.

ಅತ್ತೆಯವರ ಮಾತನ್ನು ತಳ್ಳಿಹಾಕಲಾರೆ. ಅವರ ಪ್ರಾಯದಲ್ಲಿ ಇಲ್ಲಿ ಬೇರೆ ದಾರಿಯೇ ಇರಲಿಲ್ಲ. ಈಗಲೂ ಹಲ್ಲು ವಸಡಿನ ಕೆಳಗೆ ಸೀಳಿದ್ದರೆ, ಸುತ್ತಲಿನ ಮೂಳೆ ಕರಗಿ ಅಲುಗಾಡುತ್ತಿದ್ದರೆ, ಅಥವಾ ಅದು ಬುದ್ಧಿಹಲ್ಲಾಗಿದ್ದರೆ ಕೀಳುವುದೇ ಲೇಸು. ಉಳಿಯುವ ದವಡೆ ಹಲ್ಲನ್ನು ಕಿತ್ತರೆ ಮಾತ್ರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪಕ್ಕದ್ದು ವಾಲುತ್ತದೆ, ಮೇಲಿನದ್ದು ತೆರಪಿಗೆ ಇಳಿಯುತ್ತದೆ, ಜಗಿಯುವುದೆಲ್ಲ ಒಂದೇ ಬದಿಗೆ ಬೀಳುತ್ತದೆ. ಆಮೇಲೆ ಬ್ರಿಜ್ (ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಹಲ್ಲು) ಅಥವಾ ಇಂಪ್ಲಾಂಟ್ (ಮೂಳೆಯಲ್ಲೇ ಕೂರಿಸುವ ಹಲ್ಲು) ಮಾಡಿಸುವುದಾದರೆ ರೂಟ್ ಕೆನಾಲ್, ಕ್ಯಾಪ್ ಎರಡೂ ಸೇರಿದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ಅಂದ ಹಾಗೆ, ಮೇಲಿನ ಹಲ್ಲಿಗೆ ಕೈ ಹಾಕಿದರೆ ಕಣ್ಣು ಹೋಗುತ್ತದೆ ಅನ್ನುವ ಮಾತು ಸುಳ್ಳು. ಕಣ್ಣಿನ ದೃಷ್ಟಿಯ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧ ಇಲ್ಲ.

ಖರ್ಚು ಭಾರ ಅನಿಸಿದರೆ ಡೆಂಟಲ್ ಕಾಲೇಜುಗಳಿವೆ. ಪೊಯಿನಾಚಿಯಲ್ಲಿ ಒಂದು, ತಲಪಾಡಿ ದಾಟಿದರೆ ದೇರಳಕಟ್ಟೆಯಲ್ಲಿ, ಮಂಗಳೂರಿನಲ್ಲಿ. ಅಲ್ಲಿ ಕಲಿಯುವವರು ಮಾಡುತ್ತಾರೆ, ಮೇಷ್ಟ್ರುಗಳು ಪ್ರತಿ ಹೆಜ್ಜೆ ನೋಡುತ್ತಾರೆ. ಹೊತ್ತು ಮತ್ತು ಓಡಾಟ ಜಾಸ್ತಿ. ಮೂರು ವಾರದಲ್ಲಿ ಮುಗಿಯುತ್ತದಾ ಅಂತ ಕೇಳಿಯೇ ಚೀಟಿ ಮಾಡಿಸಿ. ಎಲ್ಲಿ ಮಾಡಿಸಿದರೂ 4,500ರಲ್ಲಿ ಎಕ್ಸ್‌ರೇ, ಮೇಲಿನ ಗಟ್ಟಿ ಫಿಲ್ಲಿಂಗ್ ಸೇರಿದೆಯಾ, ಕ್ಯಾಪ್ ಯಾವ ಜಾತಿಯದ್ದು, ಅದಕ್ಕೆಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಓದಲು ಬಾರದಿದ್ದರೆ ಸುಮ್ಮನೆ ಸಹಿ ಹಾಕಬೇಡಿ. ನಮ್ಮ ಕಡೆಯ ಕ್ಲಿನಿಕ್ಕುಗಳಲ್ಲಿ ಕನ್ನಡವೋ ತುಳುವೋ ಬರುವವರು ಒಬ್ಬರಾದರೂ ಸಿಗುತ್ತಾರೆ, ಕೂರಿಸಿ ವಿವರಿಸಲು ಹೇಳಿ.

ಕ್ಯಾಪ್ ಆದ ಮೇಲೆ ಅದು ಎತ್ತರ ಅನಿಸಿದರೆ ಎರಡು ದಿನದಲ್ಲಿ ಸರಿಯಾಗುತ್ತದೆ ಅಂತ ಕಾಯದೆ ಹೋಗಿ ತಿದ್ದಿಸಿಕೊಳ್ಳಲಿ. ಬೇರಿನ ತುದಿಯಲ್ಲಿ ಮೂಳೆ ಕರಗಿದ್ದರೆ ಅದು ಮತ್ತೆ ತುಂಬಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಕ್ಕೂ ಮೇಲೆ. ಹಾಗಾಗಿ ಮುಂದಿನ ರಜೆಯಲ್ಲಿ ಬಂದಾಗ ನೋವಿಲ್ಲದಿದ್ದರೂ ಅದೇ ಹಲ್ಲಿನ ಒಂದು ಎಕ್ಸ್‌ರೇ ತೆಗೆಸಿ, ಈಗಿನದ್ದರ ಪಕ್ಕದಲ್ಲಿಟ್ಟು ನೋಡಲು ಡಾಕ್ಟರಿಗೆ ಹೇಳಿ.